ಘನ ಮರ, ಒಂದೇ ತುಂಡು

ಪುಣೆ
12 ಸೆಪ್ಟೆಂಬರ್ 2005

ಮಜೀದಾ,

ಹೊಂಗನೂರಿನಿಂದ ನಮ್ಮವ್ವ ಫೋನು ಮಾಡಿದ್ದಳು. "ನಿನ್ ಸ್ನೇಯಿತೆ ತೊಡೆಮೂಳೆ ಮುರ್ಕೊಂಡವ್ಳೆ ಕಣೆ, ಒಳಗೆ ಸರಳು ಕೂರ್ಸವ್ರಂತೆ, ಮೂರು ತಿಂಗ್ಳು ನೆಲಕ್ಕೆ ಕಾಲಿಡಂಗಿಲ್ವಂತೆ" ಎಂದಳು. ಗಾರ್ಮೆಂಟ್ಸಿನ ವ್ಯಾನು ನಿಲ್ಲುವ ಮೊದಲೇ ಇಳಿಯಲು ಹೋದೆಯಂತೆ. ಶಾಲೆಯ ದಿನಗಳಲ್ಲಿ ನಮ್ಮೂರಿಗೆ ಬರುವಾಗಲೂ ನೀನು ಬಸ್ಸಿನಿಂದ ಹಾಗೆಯೇ ಇಳಿಯುತ್ತಿದ್ದೆ. ಈಗ ಬೈದು ಪ್ರಯೋಜನವಿಲ್ಲ, ಬಿಡು.

ನಿನಗೆ ಹೊತ್ತು ಹೋಗಲೆಂದು ಒಂದು ಸಿ.ಡಿ. ಕಳಿಸುತ್ತಿದ್ದೇನೆ. ನಮ್ಮ ಕಲಾ ಸಂಗ್ರಹಾಲಯದಲ್ಲಿರುವ ವಸ್ತುಗಳ ಫೋಟೊಗಳು ಇದರಲ್ಲಿವೆ, ನಾನೂರಕ್ಕೂ ಹೆಚ್ಚು. ಜನವರಿ ಇಪ್ಪತ್ತಾರಕ್ಕೆ ಇವೆಲ್ಲ ನಮ್ಮ ವೆಬ್‌ಸೈಟಿನಲ್ಲಿ ಬರುತ್ತವೆ. ಟಿಕೆಟ್ಟಿಲ್ಲದೆ, ಮನೆಯಲ್ಲೇ ಕುಳಿತು ಯಾರು ಬೇಕಾದರೂ ಕೋಣೆ ಕೋಣೆ ಸುತ್ತಬಹುದು. ಫೋಟೊಗಳ ಕೆಳಗಿನ ವಿವರ ಸಿದ್ಧಪಡಿಸುವುದು ನನ್ನ ಕೆಲಸ. ನಿಮ್ಮ ಮುನಾವರ್ ಅಣ್ಣ ಕಂಪ್ಯೂಟರ್ ತಂದಿದ್ದಾರೆಂದು ನೀನೇ ಹಿಂದೆ ಬರೆದಿದ್ದೆಯಲ್ಲ, ಅದರಲ್ಲಿ ಹಾಕಿ ನೋಡು. ತಪ್ಪು ಕಂಡರೆ ಹೇಳು.

ಐದನೆಯ ಕೋಣೆಯಲ್ಲಿ ಇನ್ನೂರ ಹದಿನಾಲ್ಕನೆಯ ವಸ್ತು ನೋಡು. ನನಗೂ ಹೋದ ತಿಂಗಳಷ್ಟೇ ಗೊತ್ತಾಯಿತು. ನೋಡಿದವಳೇ ನಿನ್ನ ಹೆಸರು ಹೇಳಿಕೊಂಡು ಕಚೇರಿಯಲ್ಲೆಲ್ಲ ಓಡಾಡಿದೆ. ಕೆಳಗಿನ ವಿವರ ಹೀಗಿದೆ: "ದಾಳಿಂಬೆ. ಹಾಲೆ ಮರ, ಅರಗಿನ ಬಣ್ಣ. ಘನ ಮರ, ಒಂದೇ ತುಂಡು. ಕರ್ತೃ: ಕರೀಂ, ಚನ್ನಪಟ್ಟಣ. 1974ರ ಕರಕುಶಲ ಪ್ರದರ್ಶನದಲ್ಲಿ ಪ್ರಥಮ ಬಹುಮಾನ."

ನಿಮ್ಮ ಅಬ್ಬಾ ಕಣೇ. ನಿಮ್ಮ ಅಬ್ಬಾ ಮಾಡಿದ್ದು ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಅಮ್ಮಿಗೂ ತೋರಿಸು.

ಲತಾಮಣಿ

•

ಚನ್ನಪಟ್ಟಣ
30 ಸೆಪ್ಟೆಂಬರ್ 2005

ಲತಾ,

ಮಂಚದ ಪಕ್ಕ ಎರಡು ಬೊಂಬೆ ಪೆಟ್ಟಿಗೆ ಪೇರಿಸಿ ಅದರ ಮೇಲೆ ಕಂಪ್ಯೂಟರ್ ಇಟ್ಟಿದ್ದಾರೆ. ಹೊಟ್ಟೆಯ ಮೇಲೊಂದು ರೊಟ್ಟಿ ಮಣೆ, ಮಣೆಯ ಮೇಲೆ ಮೌಸು. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯಲ್ಲಿ ಮ್ಯೂಸಿಯಂ ಬಾಗಿಲು ತೆರೆಯುತ್ತದೆ. ಕರೆಂಟು ಹೋದರೆ ಮುಚ್ಚುತ್ತದೆ. ದಿನಕ್ಕೊಂದು ಕೋಣೆ ಎಂದು ಲೆಕ್ಕ ಹಾಕಿಕೊಂಡೆ, ಆದರೆ ಮೊದಲನೆಯ ಕೋಣೆಯ ರಾಜರುಗಳನ್ನು ಎರಡೇ ನಿಮಿಷದಲ್ಲಿ ದಾಟಿದೆ. ಎಲ್ಲರದೂ ಒಂದೇ ಮೀಸೆ.

ಎರಡನೆಯ ಕೋಣೆಯಲ್ಲಿ ಗಿಳಿಯ ಜೊತೆ ಕೂತ ಹೆಂಗಸಿನ ಚಿತ್ರವಿದೆಯಲ್ಲ, ಅದನ್ನು ಮೂರು ದಿನ ನೋಡಿದೆ. ಅವಳ ಕಾಲ್ಬೆರಳಿನ ಉಂಗುರದ ತನಕ ದೊಡ್ಡದು ಮಾಡಿ ನೋಡಬಹುದು, ಯಾರೂ "ಮುಂದೆ ನಡೀರಿ" ಎನ್ನುವುದಿಲ್ಲ. ಗಾರ್ಮೆಂಟ್ಸಿನಲ್ಲಿ ಗಂಟೆಗೆ ಎಂಬತ್ತು ಕಾಲರ್ ಹೊಲಿಯುವ ನನಗೆ ಒಂದನ್ನೇ ಇಷ್ಟು ಹೊತ್ತು ನೋಡಿ ಗೊತ್ತಿರಲಿಲ್ಲ. ಅಮ್ಮಿ ಅಕ್ಕಿ ಆರಿಸುತ್ತಾ ಪಕ್ಕದಲ್ಲಿ ಕೂರುತ್ತಾಳೆ. ಕೈಯಿಲ್ಲದ ಕಲ್ಲಿನ ವಿಗ್ರಹ ನೋಡಿ, "ಪಾಪ, ಇಷ್ಟು ಒಳ್ಳೆ ಕೆಲ್ಸ, ಸಾಗಿಸೋರು ಹಾಳ್ ಮಾಡವ್ರೆ" ಎಂದಳು.

ತಪ್ಪು ಕಂಡರೆ ಹೇಳೆಂದೆಯಲ್ಲ. ನೂರ ಮೂವತ್ತೊಂದರಲ್ಲಿ ಹೆಂಗಸರ ಸಾಲು ಇದೆ. ಅಷ್ಟೂ ಜನ ಎಡಗೈಯಲ್ಲಿ ಸೂಜಿ ಹಿಡಿದಿದ್ದಾರೆ, ಅಷ್ಟೂ ಜನರ ಸೆರಗು ಬಲಭುಜದ ಮೇಲಿದೆ. ಒಬ್ಬಳಾದರೆ ಇರಲಿ ಎನ್ನಬಹುದು. ಊರಿಗೆ ಊರೇ ಎಡಚರಾಗುವುದುಂಟೇ? ಫೋಟೊ ತಿರುಗಿಸಿ ಹಾಕಿದ್ದೀರಿ.

ಇನ್ನೂರ ಹದಿನಾಲ್ಕು ನೋಡಿದೆ. ಫೋಟೊ ಚೆನ್ನಾಗಿ ಬಂದಿದೆ.

ಮಜೀದಾ

•

ಪುಣೆ
11 ಅಕ್ಟೋಬರ್ 2005

ಮಜೀದಾ,

ನೀನು ಹೇಳಿದ್ದು ಸರಿ. ನೂರ ಮೂವತ್ತೊಂದರ ಫೋಟೊ ತಿರುಗುಮುರುಗಾಗಿತ್ತು. ನಾಲ್ಕು ಜನ ಪರೀಕ್ಷಿಸಿ ರುಜು ಹಾಕಿದ್ದೆವು. ನಮ್ಮ ದೊಡ್ಡ ಮೇಡಂ, ಅಂದರೆ ಸಂಗ್ರಹಾಲಯದ ಮುಖ್ಯಸ್ಥೆ, "ಇದನ್ನು ಹಿಡಿದವರು ಯಾರು" ಎಂದು ಕೇಳಿದರು. ಚನ್ನಪಟ್ಟಣದಲ್ಲಿ ಮಲಗಿರುವ ನನ್ನ ಗೆಳತಿ ಎಂದೆ.

ಆದರೆ ದಾಳಿಂಬೆಯ ಬಗ್ಗೆ ಒಂದೇ ಸಾಲು ಬರೆದಿದ್ದೀಯ. ನಾನು ಎರಡು ವಾರ ಅಂಚೆಯವನ ದಾರಿ ಕಾದಿದ್ದು ಅದಕ್ಕೇ. ಅಬ್ಬಾ ತೀರಿಕೊಂಡು ಹದಿನಾಲ್ಕು ವರ್ಷವಾದರೂ ನಿನಗೆ ಸಂಕಟವಾಯಿತೇನೋ, ಹಠಾತ್ತನೆ ತೋರಿಸಿ ತಪ್ಪು ಮಾಡಿದೆನೇನೋ ಎಂದುಕೊಂಡೆ. ಹಾಗಿದ್ದರೆ ಕ್ಷಮಿಸು.

ಒಂದು ಕೆಲಸ ಮಾಡಿಕೊಡುತ್ತೀಯಾ? ಕರಕುಶಲದವರ ಪುಟದಲ್ಲಿ ಕರ್ತೃಗಳ ಚಿತ್ರವನ್ನೂ ಹಾಕೋಣ ಎಂದಿದ್ದಾರೆ. ಅಬ್ಬಾನದೊಂದು ಫೋಟೊ ಮತ್ತು ಅವರ ಬಗ್ಗೆ ಹತ್ತು ಸಾಲು ಕಳಿಸು. ನಿಮ್ಮ ಮನೆಯ ಹಿತ್ತಲಲ್ಲಿ ಬೊಂಬೆಯ ಮರ ತಿರುಗಿಸಲು ಕಮಾನು ಎಳೆಯುವ ಸದ್ದು ನನಗೆ ಈಗಲೂ ನೆನಪಿದೆ.

ಲತಾ

•

ಚನ್ನಪಟ್ಟಣ
20 ಅಕ್ಟೋಬರ್ 2005

ಲತಾ,

ಫೋಟೊ ಕಳಿಸುವುದಿಲ್ಲ. ಹತ್ತು ಸಾಲೂ ಬರೆಯುವುದಿಲ್ಲ. ಅದು ಅಬ್ಬಾ ಮಾಡಿದ್ದಲ್ಲ.

ನಿನಗೆ ನೆನಪಿರುವ ಕಮಾನಿನ ಸದ್ದು ಅಮ್ಮಿಯದು. ಅಬ್ಬಾನ ಬಲಗೈ ನಾನು ಹುಟ್ಟುವ ಹೊತ್ತಿಗೇ ನಡುಗಲು ಶುರುವಾಗಿತ್ತು. ಉಳಿ ಮರಕ್ಕೆ ತಾಗಿಸಿದರೆ ಮರ ಹಾರಿಹೋಗುತ್ತಿತ್ತು. ನಮ್ಮ ಬೀದಿಯಲ್ಲಿ ಹೆಂಗಸರು ತಾಳೆಗರಿಯಿಂದ ಬೊಂಬೆಗೆ ಹೊಳಪು ಕೊಡುತ್ತಿದ್ದರು, ಪೆಟ್ಟಿಗೆಗೆ ತುಂಬುತ್ತಿದ್ದರು. ತಿರುಗುವ ಮರಕ್ಕೆ ಉಳಿ ಕೊಟ್ಟು ರೂಪ ತೆಗೆಯುವ ಕಡೆತಕ್ಕೆ ಯಾರೂ ಕೂರುತ್ತಿರಲಿಲ್ಲ. ಅಮ್ಮಿ ಕೂತಳು. ಹಿತ್ತಲ ಬಾಗಿಲು ಹಾಕಿಕೊಂಡು, ಎಡಗೈಯಲ್ಲಿ ಕಮಾನು ಎಳೆಯುತ್ತಾ, ಬಲಗೈಯಲ್ಲಿ ಉಳಿ ಹಿಡಿದು, ಕಾಲ್ಬೆರಳಿನಿಂದ ಉಳಿಗೆ ಒತ್ತು ಕೊಟ್ಟು ಕೆಲಸ ಮಾಡುತ್ತಿದ್ದಳು. ಮಾಲು ಅಬ್ಬಾನ ಹೆಸರಿನಲ್ಲಿ ಹೋಗುತ್ತಿತ್ತು. ನೀನು ಮನೆಗೆ ಬಂದಾಗ ನಾನು ನಿನ್ನನ್ನು ಹಿತ್ತಲಿಗೆ ಬಿಡುತ್ತಿರಲಿಲ್ಲ, ನೆನಪಿದೆಯಾ? ಬಿಡಬಾರದೆಂದು ಮನೆಯಲ್ಲಿ ಹೇಳಿದ್ದರು. ಇಷ್ಟು ವರ್ಷ ನಿನಗೂ ಹೇಳಲಿಲ್ಲ. ನಾಚಿಕೆಯಾಗುತ್ತಿದೆ.

ದಾಳಿಂಬೆ ಮಾಡುವಾಗ ನನಗೆ ಒಂಬತ್ತು ವರ್ಷ. ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಅದು ಕರಗಿ ಹಬ್ಬುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಬಹುಮಾನದ ಕಾಗದ ಅಬ್ಬಾನ ಹೆಸರಿಗೆ ಬಂತು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದರು. ಆ ವರ್ಷವೇ ಅಮ್ಮಿ ಕಡೆತ ಬಿಟ್ಟಳು. ಆಮೇಲೆ ಕೂಲಿ ಆಳುಗಳು ಬಂದರು. ಅಬ್ಬಾ ಬಿಡಿಸಿರಬೇಕು. ಹೆಸರು ಬಂದ ಮೇಲೆ ಗುಟ್ಟು ಬಯಲಾದೀತೆಂಬ ಭಯ.

ನಿಮ್ಮ ವಿವರ ಬದಲಾಯಿಸು. ಕರ್ತೃ: ಅಮೀರುನ್ನೀಸಾ. ಜನವರಿ ಇಪ್ಪತ್ತಾರಕ್ಕೆ ಮೊದಲು ಆಗಬೇಕು. ಜಗತ್ತೆಲ್ಲ ನೋಡುವಂತೆ ತಪ್ಪು ಹೆಸರು ಹತ್ತಿದರೆ ಆಮೇಲೆ ಯಾರು ಕೇಳುತ್ತಾರೆ? ಅಮ್ಮಿಗೆ ಅರವತ್ತೇಳು.

ಮಜೀದಾ

•

ಪುಣೆ
5 ನವೆಂಬರ್ 2005

ಪ್ರಿಯ ಮಜೀದಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನಿನ್ನ ಮಾತಿನಲ್ಲಿ ನನಗೆ ಸಂಶಯವಿಲ್ಲ. ಆದರೆ ಇಲ್ಲಿ ಕೆಲಸ ನಡೆಯುವ ರೀತಿ ಬೇರೆ. ಸಂಗ್ರಹದ ರಿಜಿಸ್ಟರಿನಲ್ಲಿ ನಿಮ್ಮ ತಂದೆಯ ಹೇಳಿಕೆಯಿದೆ, ಕೆಳಗೆ ರುಜುವಿದೆ: "ಈ ವಸ್ತುವನ್ನು ನಾನೇ ತಯಾರಿಸಿರುತ್ತೇನೆ. ಇದು ಘನ ಮರದ ಒಂದೇ ತುಂಡು." ಅದನ್ನು ಬದಲಾಯಿಸಬೇಕಾದರೆ ಬರಹದ ದಾಖಲೆಯಾಗಲಿ, ವಸ್ತುವಿನಲ್ಲೇ ಸಿಗುವ ಸಾಕ್ಷ್ಯವಾಗಲಿ ಬೇಕು. ಸಮಿತಿ ಒಪ್ಪಬೇಕು. ಮಗಳ ನೆನಪು ಸಾಲದು ಎಂದು ಮೇಡಂ ಹೇಳಿದರು.

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡ. ಇದು ಅಮ್ಮಿಯ ಇಚ್ಛೆಯೋ, ನಿನ್ನದೋ? ಮುನಾವರ್ ಅಣ್ಣ ಏನೆನ್ನುತ್ತಾರೆ? ಅವರ ಬೊಂಬೆ ಕಾರ್ಖಾನೆಯ ಬೋರ್ಡಿನ ಮೇಲೇ ಕರೀಂ ಅಂತ ಇದೆಯಲ್ಲ.

ಸ್ವಲ್ಪ ತಾಳ್ಮೆ ಇರಲಿ. ವಿವರಗಳನ್ನು ಮುಂದೆ ಯಾವಾಗಲಾದರೂ ತಿದ್ದಬಹುದು.

ಲತಾಮಣಿ

•

ಚನ್ನಪಟ್ಟಣ
14 ನವೆಂಬರ್ 2005

ಲತಾಮಣಿ ಮೇಡಂ ಅವರಿಗೆ,

"ಪ್ರಿಯ" ಎಂದು ನೀನು ನನಗೆ ಯಾವತ್ತೂ ಬರೆದವಳಲ್ಲ. ಕಚೇರಿಯ ಕಾಗದದಂತಿತ್ತು. "ಮುಂದೆ ಯಾವಾಗಲಾದರೂ" ಎನ್ನುವುದನ್ನು ನಮ್ಮ ಫ್ಯಾಕ್ಟರಿಯ ಮೇಲ್ವಿಚಾರಕರೂ ಹೇಳುತ್ತಾರೆ. ಅದರ ಅರ್ಥ ನನಗೆ ಗೊತ್ತು.

ಮುನಾವರ್ ಭಾಯ್ ಏನೆನ್ನುತ್ತಾನೆ ಎಂದೆಯಲ್ಲ. ಕೇಳಿದ ದಿನವೇ ಕಂಪ್ಯೂಟರ್ ಕಿತ್ತುಕೊಂಡು ಕಾರ್ಖಾನೆಗೆ ಒಯ್ದ. ಆರ್ಡರಿನ ಕೆಲಸ ಇದೆಯಂತೆ. ಹೋಗುವಾಗ ಬಾಗಿಲಲ್ಲಿ ನಿಂತು, "ಚೀನಾ ಪ್ಲಾಸ್ಟಿಕ್ಕು ಬಂದು ಅರ್ಧ ಬೀದಿ ಬಾಗ್ಲು ಹಾಕೈತೆ. ಜರ್ಮನಿಯೋರು ನಮ್ತಾವ ಬರೋದು ಗೋಡೆ ಮ್ಯಾಲಿರೋ ಆ ಕಾಗ್ದ ನೋಡಿ. ನಾಳೆ ಅವ್ರಿಗೆ ಏನ್ ಹೇಳ್ಲಿ? ನಮ್ಮಪ್ಪ ಸುಳ್ಳುಗಾರ ಅಂತ ಹೇಳ್ಲಾ?" ಎಂದ. ಮನೆಯಲ್ಲಿ ನಾವಾಡುವುದು ಉರ್ದು, ನಿನಗಾಗಿ ಕನ್ನಡ ಮಾಡಿದ್ದೇನೆ. ಉರ್ದುವಿನಲ್ಲಿ ಇನ್ನೂ ಖಾರವಾಗಿತ್ತು. ಐದನೆಯ ಕೋಣೆಗೇ ನನ್ನ ಮ್ಯೂಸಿಯಂ ನಿಂತಿತು.

ಈಗ ಸಾಕ್ಷ್ಯಕ್ಕೆ ಬರುತ್ತೇನೆ. ನಿನ್ನ ಪತ್ರವನ್ನು ಅಮ್ಮಿಗೆ ಓದಿ ಹೇಳಿದೆ. ಹೆಸರು, ರುಜು, ಸಮಿತಿ ಎಂದಾಗಲೆಲ್ಲ ಅಕ್ಕಿ ಆರಿಸುತ್ತಲೇ ಇದ್ದಳು. "ಘನ ಮರದ ಒಂದೇ ತುಂಡು" ಎಂದಾಗ ಮೊರ ಕೆಳಗಿಟ್ಟಳು.

"ಯಾರ್ ಹೇಳಿದ್ದು?"

"ಅಬ್ಬಾ. ಬರೆದುಕೊಟ್ಟು ರುಜು ಹಾಕಿದ್ದಾರೆ."

"ಅವ್ರಿಗೇನ್ ಗೊತ್ತು. ಅದು ಬಿಚ್ಕೊತದೆ. ಒಳಗೊಂದೈತೆ, ಅದ್ರೊಳಗೆ ಇನ್ನೊಂದು. ಒಟ್ಟು ನಾಕು."

ಲತಾ, ಇದು ನನಗೂ ಗೊತ್ತಿರಲಿಲ್ಲ. ಅಬ್ಬಾನಿಗೆ ಯಾಕೆ ಹೇಳಲಿಲ್ಲ ಎಂದೆ. "ಕೇಳಿದ್ರೆ ಹೇಳ್ತಿದ್ದೆ, ಕೇಳ್ಲಿಲ್ಲ" ಎಂದಳು. ಬಹುಮಾನ ಕೊಟ್ಟವರೂ ಕೇಳಲಿಲ್ಲ, ಕೊಂಡವರೂ ಕೇಳಲಿಲ್ಲ, ಮೂವತ್ತೊಂದು ವರ್ಷದಲ್ಲಿ ನೀವೂ ಕೇಳಲಿಲ್ಲ.

ಹಣ್ಣಿನ ನಡು ಭಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯಿದೆ. ಅದು ಅಲಂಕಾರವಲ್ಲ, ಎರಡು ಹೋಳು ಕೂಡುವ ಜಾಗ. ಉಗುರು, ಚಾಕು ಏನೂ ತಾಗಿಸಬಾರದು. ಬರಿಗೈಯಲ್ಲಿ ಎರಡೂ ಅಂಗೈ ನಡುವೆ ಹಿಡಿದುಕೊಂಡು ಕೂರಬೇಕು. ಮೈಶಾಖಕ್ಕೆ ಅರಗು ಒಸಿ ಸಡಿಲವಾಗುತ್ತದೆ. ಆಮೇಲೆ ಕೆಳಗಿನ ಹೋಳನ್ನು ಒತ್ತಿ, ಮೇಲಿನದನ್ನು ಎಡಕ್ಕೆ ತಿರುವಬೇಕು. ಹೊರಗಿನದು ಕೆಂಪು, ಎರಡನೆಯದು ಹಳದಿ, ಮೂರನೆಯದು ಹಸಿರು. ನಾಲ್ಕನೆಯದರ ಬಣ್ಣ ಕೇಳಿದೆ. ಮೊರ ಎತ್ತಿಕೊಂಡು ಒಳಗೆ ಹೋದಳು.

ಮಾಡಿದವರಿಗಲ್ಲದೆ ಇದು ಯಾರಿಗೆ ಗೊತ್ತಿರಲು ಸಾಧ್ಯ? ತೆರೆದು ನೋಡಿ.

ಮಜೀದಾ

•

ಪುಣೆ
8 ಡಿಸೆಂಬರ್ 2005

ಮಜೀದಾ,

ತಡವಾಯಿತು. ಸಮಿತಿ ಸೇರುವುದೇ ತಿಂಗಳಿಗೊಮ್ಮೆ.

ಒಪ್ಪಲಿಲ್ಲ. ಇಲ್ಲಿ ಯಾವ ವಸ್ತುವನ್ನೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಹತ್ತಿಯ ಕೈಗವಸು ಹಾಕಿಕೊಂಡೇ ಎತ್ತಬೇಕು, ಬಲ ಹಾಕಿ ತಿರುಗಿಸುವುದಂತೂ ದೂರದ ಮಾತು. ಕೈಗವಸಿನಲ್ಲಿ ಶಾಖ ತಾಗುವುದಿಲ್ಲ ಎಂದು ವಿವರಿಸಿದೆ. ಒಬ್ಬರು ನಕ್ಕರು. ಎಕ್ಸ್‌ರೇ ತೆಗೆಸಿ ಎಂದು ಕೇಳಿದೆ. ಕಂಚಿನ ಮೂರ್ತಿಗಳ ಸರದಿ ಮುಗಿದ ಮೇಲೆ, ಬಹುಶಃ ಮುಂದಿನ ವರ್ಷದ ಕೊನೆಗೆ. ಜನವರಿ ಇಪ್ಪತ್ತಾರಕ್ಕೆ ಈಗಿರುವ ವಿವರವೇ ಹೋಗುತ್ತದೆ.

ನನ್ನಿಂದ ಇಷ್ಟೇ ಸಾಧ್ಯವಾಯಿತು.

ಲತಾ

•

ಚನ್ನಪಟ್ಟಣ
17 ಡಿಸೆಂಬರ್ 2005

ಲತಾ,

ನಿನ್ನೆ ಕೋಲೂರಿಕೊಂಡು ಮೊದಲ ಸಲ ಬೀದಿಗೆ ಇಳಿದೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಭಾಯಿಯ ಕಾರ್ಖಾನೆಗೆ ಹೋದೆ. ಮೋಟರು ಹಾಕಿದ ಆರು ಯಂತ್ರಗಳು ಒಟ್ಟಿಗೆ ತಿರುಗುತ್ತಿದ್ದವು. ನನ್ನನ್ನು ನೋಡಿ ಎಲ್ಲವನ್ನೂ ನಿಲ್ಲಿಸಿದ. ಅಮ್ಮಿ ಹೇಳಿದ ನಾಲ್ಕು ಹಣ್ಣುಗಳ ಮಾತು ಹೇಳಿದೆ. "ಮುದುಕಿಗೆ ನೆನಪು ಕಲಸೋಗೈತೆ. ಕೂದ್ಲೆಳೆಯಂಗೆ ಜೋಡಣೆ ಕಮಾನಿನಾಗೆ ಆಗಾಕಿಲ್ಲ. ನನ್ ಮಿಷನ್ನಾಗೇ ಆಗಾಕಿಲ್ಲ" ಎಂದ. ಆಟೋ ಕರೆಸಿ ಕೂರಿಸಿ ಕಳಿಸಿದ. ಸಿಟ್ಟಿದ್ದರೂ ಆಟೋದವನಿಗೆ ನಿಧಾನ ಹೋಗೆಂದು ಎರಡು ಸಲ ಹೇಳಿದ.

ಅಷ್ಟಕ್ಕೆ ಬಿಡುವವಳಲ್ಲ ನಾನು. ನಿಮ್ಮ ದೊಡ್ಡ ಮೇಡಂಗೆ ನಾನೇ ನೇರವಾಗಿ ಬರೆಯುತ್ತೇನೆ. ಸಮಿತಿಯವರಿಗೂ ಒಬ್ಬೊಬ್ಬರಿಗೆ ಬರೆಯುತ್ತೇನೆ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಬರೆಯುತ್ತೇನೆ, ಓದಿಸಿಕೊಳ್ಳಲಿ. ಅವರ ವಿಳಾಸ ಕಳಿಸು. ಮೂವತ್ತೊಂದು ವರ್ಷ ಗಾಜಿನೊಳಗೆ ಸುಮ್ಮನೆ ಕೂತದ್ದು ಸಾಕು.

ನಿನಗೆ ಹೆದರಿಕೆಯಿದ್ದರೆ ಹೆದರಿಕೆ ಎಂದೇ ಹೇಳು. ನಿಯಮದ ಹಿಂದೆ ನಿಂತು ಮಾತಾಡಬೇಡ.

ಮಜೀದಾ

•

ಪುಣೆ
9 ಜನವರಿ 2006

ಮಜೀದಾ,

ಹೆದರಿಕೆಯೇ ಇತ್ತು. ನನ್ನದು ಖಾಯಂ ಕೆಲಸವಲ್ಲ, ವರ್ಷ ವರ್ಷವೂ ನವೀಕರಿಸುವಂಥದು. ಮಾರ್ಚಿಗೆ ಮುಗಿಯುತ್ತದೆ. ಅದನ್ನು ನಿನಗೆ ಹೇಳದೆ ತಾಳ್ಮೆಯ ಉಪದೇಶ ಮಾಡಿದೆ. ಇನ್ನೊಂದನ್ನೂ ಹೇಳಿರಲಿಲ್ಲ. ನಮ್ಮ ಪಟ್ಟಿಯಲ್ಲಿ "ಘನ ಮರ" ಎಂದು ಟೈಪು ಮಾಡಿದವಳು ನಾನೇ. ವಸ್ತುವನ್ನು ಪರೀಕ್ಷಿಸಿ ಬರೆಯಬೇಕೆಂಬ ನಿಯಮವೂ ಇದೆ. ನಾನು ಕೈಗೆತ್ತಿಕೊಂಡೇ ನೋಡಿರಲಿಲ್ಲ. ಹಳೆಯ ರಿಜಿಸ್ಟರಿನಿಂದ ಇಳಿಸಿದ್ದೆ, ಅಷ್ಟೆ. ಗಂಡಸಿನ ರುಜು ಇತ್ತು, ನನಗೆ ಅಷ್ಟೇ ಸಾಕಾಗಿತ್ತು. ಇದು ನನ್ನನ್ನು ಕೊರೆಯುತ್ತಿತ್ತು.

ಹೋದ ಬುಧವಾರ ಊಟದ ಹೊತ್ತಿನಲ್ಲಿ ವಸ್ತುಗಳ ಕೋಣೆಗೆ ಹೋದೆ. ಪೆಟ್ಟಿಗೆ ತೆಗೆದೆ. ಕೈಗವಸು ಕಳಚಿದೆ. ದಾಳಿಂಬೆಯನ್ನು ಎರಡೂ ಅಂಗೈ ನಡುವೆ ಹಿಡಿದು ಸ್ಟೂಲಿನ ಮೇಲೆ ಕೂತೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಒತ್ತಿ ಎಡಕ್ಕೆ ತಿರುವಿದರೆ ಅಲ್ಲಾಡಲಿಲ್ಲ. ಒಂದು ಗಳಿಗೆ ಅಮ್ಮಿಯ ನೆನಪೇ ತಪ್ಪಿರಬೇಕೆಂದುಕೊಂಡೆ. ಮತ್ತೆ ಹಿಡಿದು ಕೂತೆ. ಊಟದ ಹೊತ್ತು ಮುಗಿಯುವುದರಲ್ಲಿತ್ತು. ಕೈಯೊಳಗೆ ಏನೋ ಜಾರಿದಂತಾಯಿತು, ಮತ್ತೆ ತಿರುವಿದೆ, ಬಂತು.

ಒಳಗೆ ಹಳದಿ, ನಿನ್ನೆ ಬಳಿದಷ್ಟು ಹೊಳಪು. ಅದರೊಳಗೆ ಹಸಿರು, ನೆಲ್ಲಿಕಾಯಿಯಷ್ಟು. ಅದರೊಳಗೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಅದಕ್ಕೂ ತಲೆಯ ಮೇಲೆ ಮುಕುಟವಿದೆ, ಎಣಿಸಿದರೆ ಆರು ಹಲ್ಲು. ಅದನ್ನೂ ಉಳಿದವುಗಳ ಪಕ್ಕ ಮೇಜಿನ ಮೇಲಿಟ್ಟೆ. ನಾಲ್ಕನೆಯದಕ್ಕೆ ಮಾತ್ರ ಬಣ್ಣವಿಲ್ಲ, ಬರೀ ಮರ. ಬೇಕೆಂದೇ ಹಾಗೆ ಬಿಟ್ಟಿರಬೇಕು. ಮೇಡಂ ಅಂತೂ ಅದನ್ನು ನೋಡಿ, ಒಳಗೊಳಗೆ ಹೋದಂತೆ ಬಣ್ಣ ಕಳಚಿಕೊಂಡು ಬರಿದಾಗುವ ಕಲ್ಪನೆ ಎಷ್ಟು ದೊಡ್ಡದು ಎಂದರು.

ಮೇಡಂಗೆ ನಾನೇ ಹೋಗಿ ಹೇಳಿದೆ. ಮೊದಲು ಮೆಮೊ ಕೊಟ್ಟರು. ಆಮೇಲೆ ಬಾಗಿಲು ಹಾಕಿ ನಾಲ್ಕನ್ನೂ ಸಾಲಾಗಿಟ್ಟುಕೊಂಡು ಅರ್ಧ ಗಂಟೆ ನೋಡಿದರು. ಶುಕ್ರವಾರ ವಿಶೇಷ ಸಭೆ ಕರೆದರು. ನವೆಂಬರ್ ಹದಿನಾಲ್ಕರ ನಿನ್ನ ಪತ್ರವೇ ಸಾಕ್ಷ್ಯವಾಯಿತು. ತೆರೆಯುವ ಮೊದಲೇ ಒಳಗಿನದೆಲ್ಲ ಬರೆದಿತ್ತಲ್ಲ. ಮಾಡಿದೆನೆಂದು ರುಜು ಹಾಕಿದವರಿಗೆ ಅದು ತೆರೆಯುತ್ತದೆಂಬುದೇ ಗೊತ್ತಿರಲಿಲ್ಲವೆಂದೂ ದಾಖಲಿಸಿದರು. ಹೆಸರು ಬದಲಾಗುತ್ತದೆ ಕಣೇ. ಇನ್ನು ಬೇಕಾಗಿರುವುದು ಅಮ್ಮಿಯ ಒಪ್ಪಿಗೆ ಪತ್ರ ಒಂದೇ. ಅವರ ಮಾತು, ಕೆಳಗೆ ರುಜುವೋ ಹೆಬ್ಬೆಟ್ಟೋ. ಇಪ್ಪತ್ತಾರರೊಳಗೆ ತಲುಪಬೇಕು.

ಹೊಸ ಫೋಟೊಗಳ ಸಿ.ಡಿ. ಇದರೊಡನೆ ಇದೆ. ಮಾರ್ಚಿನ ಮಾತು ಮಾರ್ಚಿಗೆ.

ಲತಾ

•

ಚನ್ನಪಟ್ಟಣ
16 ಜನವರಿ 2006

ಲತಾ,

ನಿನ್ನ ಕೈ ಮುಟ್ಟಿ ಕ್ಷಮೆ ಕೇಳಬೇಕು. ದೂರವಿದ್ದೀಯ, ಬರೆದೇ ಕೇಳುತ್ತೇನೆ. ನಿನ್ನ ನೌಕರಿ ಖಾಯಂ ಅಲ್ಲವೆಂದು ಗೊತ್ತಿಲ್ಲದೆ ನಿನ್ನನ್ನು ಹೇಡಿ ಎಂದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಇದು ಅಮ್ಮಿಯ ಇಚ್ಛೆಯೋ ಎಂದು ನೀನು ನವೆಂಬರಿನಲ್ಲಿ ಕೇಳಿದೆ. ನಾನು ಉತ್ತರಿಸದೆ ಜಾರಿಕೊಂಡೆ. ಮೊದಲ ದಿನವೇ ಅಮ್ಮಿ, "ನನ್ ಹೆಸ್ರು ಹಾಕ್ಬ್ಯಾಡಿ" ಎಂದಿದ್ದಳು. ಅಬ್ಬಾನ ಮರ್ಯಾದೆಗೆ ಅಂಜುತ್ತಿದ್ದಾಳೆ, ಹೆಸರು ಬಂದರೆ ಒಳಗೊಳಗೇ ಸಂತೋಷಪಡುತ್ತಾಳೆ ಎಂದು ನಾನೇ ತೀರ್ಮಾನಿಸಿದೆ. ಅವಳನ್ನು ಮತ್ತೆ ಕೇಳಲೂ ಇಲ್ಲ.

ನಿನ್ನ ಸಿ.ಡಿ. ಬಂದ ದಿನ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಭಾಯಿಯ ಹತ್ತಿರ ಹೋದೆ. ಹಾಕಿ ನೋಡಿದ. ಬಿಚ್ಚಿದ ಹೋಳಿನ ಅಂಚನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಕಡೆತದವನಲ್ಲವೇ, ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಪರದೆಯ ಮೇಲೆ ಆ ಅಂಚಿಗೆ ಬೆರಳಿಟ್ಟು, "ಇದ್ನ ಅಮ್ಮಿ ಕಮಾನಿನಾಗೆ ಮಾಡಿದ್ಲಾ?" ಎಂದ. ಇಡೀ ಪತ್ರವನ್ನು ನನ್ನಿಂದ ಓದಿಸಿಕೊಂಡ. ಆಮೇಲೆ ತಾನೇ ತಂತಿ ಕಿತ್ತು, ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ನನ್ನ ಜೊತೆ ಮನೆಗೆ ಬಂದ.

ಅಮ್ಮಿಯನ್ನು ಮಂಚದ ಮೇಲೆ ಕೂರಿಸಿ ಒಂದೊಂದೇ ತೋರಿಸಿದೆವು. ಕೆಂಪು, ಹಳದಿ, ಹಸಿರು. ಹಸಿರಿನ ಹೊಳಪು ನೋಡಿ "ಪರವಾಗಿಲ್ಲ, ಕೂತೈತೆ" ಎಂದಳು. ನಾಲ್ಕನೆಯದು ಬಂತು. ಮುಖ ತಿರುಗಿಸಿದಳು.

ಭಾಯ್ ಅವಳ ಕಾಲ ಬಳಿ ಕೂತು, "ಅಮ್ಮಿ, ಅಬ್ಬಾನ ಮರ್ವಾದೆ ಅಂತ ಹೆಸ್ರು ಬ್ಯಾಡ ಅಂತೀಯಾ? ನಾನೇನೂ ಅನ್ನಾಕಿಲ್ಲ. ಹಾಕ್ಲಿ ಬುಡು" ಎಂದ.

"ಅವ್ರ ಮರ್ವಾದೆ ಅವ್ರದು. ನಾನ್ಯಾಕೆ ಅದನ್ನ ಕಾಯ್ಲಿ? ಮುಗೀದೆ ಇರೋ ಕೆಲ್ಸಕ್ಕೆ ನನ್ ಹೆಸ್ರು ಹಾಕ್ಬ್ಯಾಡಿ ಅಂದೆ."

ಆಮೇಲೆ ಎಲ್ಲ ಹೇಳಿದಳು. ಚಿಕ್ಕದನ್ನು ಕಡೆದು ಮುಗಿಸಿದ್ದಳು. ಬಣ್ಣ ಹಾಕುವುದು ಬಾಕಿಯಿತ್ತು. ಪ್ರದರ್ಶನಕ್ಕೆ ಒಯ್ಯುವವರು ಒಂದು ದಿನ ಮೊದಲೇ ಜೀಪು ತಂದರು. ಬೀದಿ ಬಾಗಿಲಲ್ಲಿ ಜನ ನಿಂತಿರುವಾಗ ಹಿತ್ತಲಲ್ಲಿ ಕಮಾನು ಎಳೆದರೆ ಯಾರು ಎಳೆಯುತ್ತಿದ್ದಾರೆಂದು ಕೇಳುತ್ತಿದ್ದರು. ಹಾಗೇ ಮುಚ್ಚಿ ಕೊಟ್ಟುಬಿಟ್ಟಳು. ವಾಪಸು ಬಂದಾಗ ಮುಗಿಸಿದರಾಯಿತು ಎಂದುಕೊಂಡಳು. ಬಹುಮಾನ ಬಂತು, ಹಣ್ಣು ಬರಲಿಲ್ಲ. ಒಂದು ದಿನಕ್ಕಾದರೂ ತರಿಸಿಕೊಡಿ ಎಂದು ಅಬ್ಬಾನ ಬಳಿ ಅತ್ತಳಂತೆ. "ಬಹುಮಾನವೇ ಬಂದಿದೆ, ಇನ್ನೇನು ಮುಗಿಸುತ್ತೀ" ಎಂದು ಅವರು ನಕ್ಕರಂತೆ. ಕಡೆತ ಬಿಟ್ಟದ್ದು ಅದಕ್ಕೆ. ಅಬ್ಬಾ ಬಿಡಿಸಲಿಲ್ಲ. "ಅರ್ಧಂಬರ್ಧಕ್ಕೆ ಬಹುಮಾನ ಕೊಡೋ ಜನಕ್ಕೆ ಇನ್ಯಾಕೆ ಮಾಡ್ಬೇಕು" ಎಂದು ಅವಳೇ ಎದ್ದಳು.

ಬಣ್ಣವಿಲ್ಲದ ಮರವನ್ನು ಹೊಗಳಿದ ನಿಮ್ಮ ಮೇಡಂಗೆ ಹೇಳು, ಅದು ದೊಡ್ಡ ಕಲ್ಪನೆಯಲ್ಲ, ಜೀಪು ಬೇಗ ಬಂದದ್ದು. ಚಿಕ್ಕದೊಂದನ್ನು ಕಳಿಸಿದರೆ ಹತ್ತು ನಿಮಿಷದ ಕೆಲಸ ಎನ್ನುತ್ತಾಳೆ ಅಮ್ಮಿ. ಕಳಿಸುತ್ತೀರಾ? ಇಲ್ಲದಿದ್ದರೆ ಒಪ್ಪಿಗೆ ಕೊಡುವುದಿಲ್ಲವಂತೆ. ಈ ಸಲ ನಾನು ಅವಳ ಮಾತಿಗೆ ಒಂದಕ್ಷರವೂ ಸೇರಿಸಿಲ್ಲ.

ಮಜೀದಾ

•

ಪುಣೆ
20 ಜನವರಿ 2006
(ಸ್ಪೀಡ್ ಪೋಸ್ಟ್)

ಮಜೀದಾ,

ನಿನ್ನ ಪತ್ರವನ್ನು ಸಾಲು ಸಾಲಾಗಿ ಅನುವಾದಿಸಿ ಮೇಡಂಗೆ ಓದಿ ಹೇಳಿದೆ. ಜೀಪಿನ ಮಾತು ಬಂದಾಗ ಕನ್ನಡಕ ತೆಗೆದಿಟ್ಟರು. ಸಂಗ್ರಹಕ್ಕೆ ಸೇರಿದ ವಸ್ತುವನ್ನು ಮಾಡಿದವರೇ ಆದರೂ ಮತ್ತೆ ಮುಟ್ಟಿ ಬದಲಾಯಿಸುವಂತಿಲ್ಲ, ಅದು ತಮ್ಮ ಕೈಯಲ್ಲೂ ಇಲ್ಲ ಎಂದರು. ಆದರೆ ವಿವರವನ್ನು ತಾವೇ ಕೂತು ಬರೆದರು. ಅಮ್ಮಿಗೆ ಓದಿ ಹೇಳು:

"ದಾಳಿಂಬೆ. ಒಂದರೊಳಗೊಂದು ಕೂರುವ ನಾಲ್ಕು ಹಣ್ಣುಗಳು. ಹಾಲೆ ಮರ, ಅರಗಿನ ಬಣ್ಣ. 1974. ಕರ್ತೃ: ಅಮೀರುನ್ನೀಸಾ, ಚನ್ನಪಟ್ಟಣ. ಮೂರು ಹಣ್ಣುಗಳು ಮುಗಿದಿವೆ. ನಾಲ್ಕನೆಯದಕ್ಕೆ ಬಣ್ಣ ಹಾಕುವುದು ಬಾಕಿಯಿದೆ. ಮುಗಿಯುವ ಮೊದಲೇ ಕರ್ತೃವಿನಿಂದ ಪಡೆದು ಪ್ರದರ್ಶನಕ್ಕೆ ಒಯ್ಯಲಾಯಿತು."

ಒಪ್ಪಿದರೆ ಸರಿ. ಒಪ್ಪದಿದ್ದರೆ ಐದನೆಯ ಕೋಣೆಯ ಆ ಜಾಗವನ್ನು ಖಾಲಿ ಬಿಡುತ್ತೇವೆ, ತಪ್ಪು ಹೆಸರಿನಲ್ಲಿ ಹೋಗುವುದಿಲ್ಲ. ಉತ್ತರವನ್ನು ಮುನಾವರ್ ಅಣ್ಣನ ಕಂಪ್ಯೂಟರಿನಿಂದ ಇ-ಮೇಲಿನಲ್ಲಿ ಕಳಿಸು, ಅಂಚೆ ಕಾಯಲು ದಿನಗಳಿಲ್ಲ. ರುಜುವಿನ ಕಾಗದ ಆಮೇಲೆ ಅಂಚೆಯಲ್ಲಿ ಬರಲಿ. ಈ ಸಲ ನಾನೂ ಯಾರ ಪರವಾಗಿಯೂ ತೀರ್ಮಾನ ಮಾಡುವುದಿಲ್ಲ.

ಲತಾ

•

ಚನ್ನಪಟ್ಟಣ
24 ಜನವರಿ 2006

ಪುಣೆಯ ಮ್ಯೂಸಿಯಮ್ಮಿನ ದೊಡ್ಡಮ್ಮನೋರಿಗೆ,

ನಾನು ಹೇಳಿದ್ದ ಹೇಳಿದಂಗೇ ಮಗಳು ಬರೀತಾವ್ಳೆ.

ನೀವು ಬರೆದಿದ್ದ ಎರಡು ಕಿತ ಓದುಸ್ಕೊಂಡು ಕೇಳ್ದೆ. ಸರಿಯಾಗೈತೆ. ಮೂರು ಹಣ್ಣು ಚೆಂದಾಗವೆ, ಅದು ನಂಗೆ ಅವತ್ತೇ ಗೊತ್ತಿತ್ತು. ನಾಕನೇದು ಬಾಕಿ ಐತೆ ಅಂತ ನೀವೂ ಬರೆದಿದ್ದೀರಿ. ಮೂವತ್ತೊಂದು ವರ್ಸದಾಗೆ ಅದನ್ನ ಬಾಕಿ ಅಂತ ಒಪ್ಕೊಂಡೋರು ನೀವೇ ಮೊದಲು.

ನಿಮ್ಮ ಕಾನೂನು ಯಾವತ್ತಾನ ಬದಲಾದ್ರೆ ಒಂದು ಕಾಗ್ದ ಹಾಕಿ. ಅರಗು ನಾನೇ ತತ್ತೀನಿ. ಅದಕ್ಕೆ ಹಾಕ್ಬೇಕಾಗಿರೋದು ಬಿಳಿ. ಹಾಲು ಬಿಳಿ. ನಿಮ್ಮೋರು ಯಾರೂ ಕೇಳ್ಲಿಲ್ಲ, ಅದ್ಕೆ ಹೇಳಿದೆ. ನಾನಿಲ್ಲದಿದ್ರೆ ನನ್ ಮಗ ಹಾಕ್ತಾನೆ, ಬಣ್ಣ ಯಾವುದು ಅಂತ ಈಗ ಅವನೂ ಕೇಳಿಸ್ಕೊಂಡವ್ನೆ.

ನನ್ ಹೆಸ್ರು ಹಾಕಿ.

ಅಮೀರುನ್ನೀಸಾ
ದಾಳಿಂಬೆ ಮಾಡಿದವಳು